ಪಿಟೀಲಿನೊಳಗಿನ ಜೋಳ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಕಮಲಾಪುರದ ಗುಂಡಣ್ಣ ಕಲಬುರಗಿಯ ಜಗತ್ ವೃತ್ತದಲ್ಲಿ ಅಮೀರನ ವಾದ್ಯದಂಗಡಿಯ ಮುಂದೆ ನಿಂತು, ಪಿಟೀಲಿನ ಮೇಲೆ ಕೂತಿದ್ದ ಬಸ್ಸಿನ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

ನಿಜಾಮರ ಕಾಲದಲ್ಲಿ ಅವನ ತಂದೆ ಹೈದರಾಬಾದಿನಿಂದ ತಂದ ಜರ್ಮನ್ ಪಿಟೀಲು ಅದು. ಗುಂಡಣ್ಣ ಹಗಲು ಮನೆಗಳಿಗೆ ಫರಶಿ ಕಲ್ಲು ಹಾಸುವವನು. ಸಂಜೆ ಬುದ್ಧ ವಿಹಾರದಲ್ಲಿ ಅದನ್ನು ನುಡಿಸುವವನು. ನಿನ್ನೆ ಮಗ ಅಜಿತನ ಬೈಕು ಮಹಾಗಾಂವದ ಬಳಿ ಜಾರಿ, ತೊಡೆಯ ಮೂಳೆ ಮುರಿದಿತ್ತು. ಮಧ್ಯಾಹ್ನ ಎರಡು ಗಂಟೆಯೊಳಗೆ ಮುಂಗಡ ಕಟ್ಟಿದರೆ ಮಾತ್ರ ಇವತ್ತೇ ರಾಡ್ ಹಾಕುವುದು, ತಪ್ಪಿದರೆ ಡಾಕ್ಟರು ಮತ್ತೆ ಬರುವುದು ಮುಂದಿನ ವಾರ, ಅಷ್ಟರಲ್ಲಿ ಕಾಲು ಗಿಡ್ಡಾಗಬಹುದು ಎಂದು ದವಾಖಾನೆಯಲ್ಲಿ ಹೇಳಿದ್ದರು.

ಹಿಂದೊಮ್ಮೆ ರಿಪೇರಿಗೆ ತಂದಾಗ ಅಮೀರನೇ ಒಳ್ಳೆಯ ಬೆಲೆ ಹೇಳಿದ್ದ; ಅದನ್ನು ನಂಬಿ ಮಾರಲು ತಂದಿದ್ದ. ಇವತ್ತು ಕಮಾನು ಎಳೆದವನೇ ನಿಲ್ಲಿಸಿ, ಪಿಟೀಲನ್ನು ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಗಿಲಿಗಿಲಿ ಸದ್ದು.

"ಒಳಗ ಏನೋ ಬಿಟ್ಟದ, ಚಾಚಾ. ಬಿಚ್ಚಿ ನೋಡಬೇಕಾಗ್ತದ. ಅರ್ಧಾ ಕೊಡ್ತೀನಿ."

ಅರ್ಧಕ್ಕೆ ರಾಡ್ ಬರುವುದಿಲ್ಲ. ಮೊನ್ನೆ ನುಡಿಸಿದಾಗ ಈ ಸದ್ದು ಇರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಒಳಗಿನ ಕಟ್ಟಿಗೆ ಕಿತ್ತಿರಬೇಕು, ತೊಡೆಯ ಮೇಲೆ ಇಟ್ಟುಕೊಳ್ಳದೆ ಸೀಟಿನ ಮೇಲೆ ಯಾಕಿಟ್ಟೆ ಎಂದು ಗುಂಡಣ್ಣ ತನ್ನನ್ನೇ ಹಳಿದುಕೊಂಡ. ರೊಟ್ಟಿ ಕಟ್ಟಿಕೊಂಡು ಬರಲು ಊರಲ್ಲೇ ಉಳಿದಿದ್ದ ಹೆಂಡತಿ ಭೀಮಬಾಯಿಗೆ ಫೋನು ಮಾಡಿ, ಪಿಟೀಲು ಒಡೆದುಹೋಯಿತು ಎಂದ.

"ಒಡದಿಲ್ರಿ. ಜ್ವಾಳ ಹಾಕೀನಿ. ಮನಿ ಸಾಮಾನು ಖಾಲಿ ಕೊಡಬಾರದಲ್ಲರಿ? ಐದು ಕಾಳು, ಆ ಸೀಳಿನ್ಯಾಗ."

ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸಿದವಳಲ್ಲ ಅವಳು. ಬೈಯಲು ಬಾಯಿ ತೆರೆದ ಗುಂಡಣ್ಣ ಫೋನು ಇಟ್ಟು, ಒಳಗಿರುವುದು ಜೋಳ ಎಂದು ಅಮೀರನಿಗೆ ಹೇಳಿದ.

ಪಿಟೀಲನ್ನು ಬೋರಲು ಹಿಡಿದು ಅಲ್ಲಾಡಿಸಿದರು. ಒಂದು ಬಿತ್ತು. ಬಹಳ ಹೊತ್ತಿಗೆ ಎರಡನೆಯದು, ಆಮೇಲೆ ಇನ್ನೆರಡು. ಸದ್ದು ನಿಂತಿತು. ಅಮೀರ್ ಕಮಾನು ಎಳೆದ, ದನಿ ತಿಳಿಯಾಗಿತ್ತು. ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆಯುತ್ತ, ಎಲ್ಲ ಬಂತಲ್ಲ ಎಂದು ಕೇಳಿದ.

ಗಡಿಯಾರದಲ್ಲಿ ಒಂದು ದಾಟಿತ್ತು. ಹೂಂ ಎಂದರೆ ಮುಗಿಯುತ್ತಿತ್ತು.

"ಇನ್ನೊಂದು ಅದ. ಎಲ್ಲ್ಯೋ ಸಿಕ್ಕೊಂಡದ. ಮುಂದ ಯಾವಾಗರೆ ಸದ್ದು ಮಾಡಬಹುದು."

ಅಮೀರನ ಕೈ ನಿಂತಿತು. ಪಿಟೀಲನ್ನು ಮತ್ತೊಮ್ಮೆ ಕಿವಿಗೆ ಹಿಡಿದ, ದಪ್ಪ ತಂತಿಯನ್ನು ಜೋರಾಗಿ ಮೀಟಿದ. ಆಮೇಲೆ ಪೂರ್ತಿ ಹಣ ಎಣಿಸಿ ಮುಂದಿಟ್ಟ.

"ಇರ್ಲಿ ಬಿಡ್ರಿ, ಅದು ನನ್ನ ಪಾಲಿಂದು. ನೀವು ದವಾಖಾನಿಗೆ ನಡೀರಿ."

ಎರಡಕ್ಕೆ ಹತ್ತು ನಿಮಿಷವಿರುವಾಗ ಮುಂಗಡ ಕಟ್ಟಿದ್ದಾಯಿತು. ಅಜಿತನನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಗುಂಡಣ್ಣನ ಎಡಗೈ ಬೆರಳು ತಂತಿಯ ಮೇಲೆ ಓಡುವ ಹಾಗೆ ಬೆಂಚಿನ ಅಂಚಿನ ಮೇಲೆ ತಾನೇ ಓಡುತ್ತಿತ್ತು. ಅವನು ಅದನ್ನು ಬಲಗೈಯಿಂದ ಒತ್ತಿ ಹಿಡಿದ. ರೊಟ್ಟಿಯ ಗಂಟು ಹಿಡಿದು ಬಂದ ಭೀಮಬಾಯಿ ಮೊದಲು ಮಗನ ಬಗ್ಗೆ ಕೇಳಿದಳು. ಆಮೇಲೆ, ದನಿ ತಗ್ಗಿಸಿ, ಖಾಲಿ ಕೊಟ್ಟಿರೇನು ಎಂದು ಕೇಳಿದಳು.

ಅವನು ಜೇಬಿನಿಂದ ಕಾಳು ತೆಗೆದು ಅವಳ ಅಂಗೈಗೆ ಹಾಕಿದ. ಅವಳು ಬೆರಳಿನಿಂದ ಸರಿಸಿ ಸರಿಸಿ ಎಣಿಸಿ, ಮುಷ್ಟಿ ಮುಚ್ಚಿ, ಅವನ ಪಕ್ಕದಲ್ಲಿ ಕೂತಳು. ಅಂಗೈಯಲ್ಲಿದ್ದದ್ದು ನಾಲ್ಕು. ಫೋನಿನಲ್ಲಿ ಆಕೆ ಹೇಳಿದ್ದು ಐದು.