ತೊಳೆಯದ ಬಾಟಲಿ

ಚಾಚಾರ ಪ್ಯಾಂಟಿನ ಅಂಚಿಗೆ ಸದಾ ಉತ್ತರಾಣಿಯ ಮುಳ್ಳುಬೀಜಗಳು ಅಂಟಿಕೊಂಡಿರುತ್ತಿದ್ದವು. ನಾಲತವಾಡದ ತಮ್ಮ ಹೊಲದ ಬದು ಹಾದು, ಮೊದಲ ಬಸ್ಸಿಗೆ ಮುದ್ದೇಬಿಹಾಳಕ್ಕೆ ಬಂದು, ಲ್ಯಾಬಿನ ಹೊಸ್ತಿಲ ಬಳಿ ಕೂತು ಒಂದೊಂದನ್ನೇ ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನೆಲಕ್ಕೆ ಒಗೆಯುತ್ತಿರಲಿಲ್ಲ, ಗುಡಿಸುವವರೂ ಅವರೇ ತಾನೇ.

ಅವರು ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಅಟೆಂಡರ್. ನಾನು ಝಳಕಿ ಕಡೆಯವಳು, ಪಾಠ ಹೇಳುತ್ತಲೇ ಪಿಎಚ್.ಡಿ.ಯನ್ನೂ ಕೊರಳಿಗೆ ಕಟ್ಟಿಕೊಂಡವಳು. ರಜೆಯಲ್ಲಿ ಎಲ್ಲರೂ ಊರಿಗೆ ಹೋದರೆ ಲ್ಯಾಬಿನಲ್ಲಿ ನಾವಿಬ್ಬರೇ. ನನ್ನ ಬಾಡಿಗೆ ಕೋಣೆಯಲ್ಲಿ ದಾರಿ ಕಾಯುವವರು ಯಾರೂ ಇರಲಿಲ್ಲ. ಎಷ್ಟೋ ದಿನ ನಾನು ಆಡುತ್ತಿದ್ದದ್ದು ಚಾಚಾರ ಜೊತೆಗಿನ ನಾಲ್ಕು ಮಾತು ಮಾತ್ರ.

ಗಾಜಿನ ಸಾಮಾನನ್ನು ಅವರು ಮೂರು ಸಲ ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಹೊಲಸ ಗಾಜು ಸುಳ್ಳ ಸಾಕ್ಷಿ ಇದ್ದಂಗ್ರಿ ಮೇಡಮ್ಮಾರ," ಅನ್ನುತ್ತಿದ್ದರು.

ನನ್ನ ಕೆಲಸ ಉತ್ತರಾಣಿಯ ಮೇಲೆಯೇ. ನೆರಳಲ್ಲಿ ಒಣಗಿಸಿದ ಎಲೆಯ ಪುಡಿಯನ್ನು ಸ್ಪಿರಿಟ್‌ನಲ್ಲಿ ನೆನೆಸಿ ಸಾರ ತೆಗೆಯಬೇಕು. ಅದನ್ನು ಒಂದು ನೇರಳೆ ದ್ರಾವಣಕ್ಕೆ ಹಾಕಿದಾಗ ಬಣ್ಣ ಎಷ್ಟು ಹಳದಿಗೆ ತಿರುಗುತ್ತದೋ ಗಿಡದಲ್ಲಿ ಅಷ್ಟು ಆಂಟಿಆಕ್ಸಿಡೆಂಟ್ ಗುಣ. ಹೋಲಿಸಿ ನೋಡಲು ವಿಟಮಿನ್ ಸಿ ದ್ರಾವಣ ಇಟ್ಟುಕೊಳ್ಳುತ್ತೇವೆ. ಅದು ಬಿದ್ದ ಕೂಡಲೇ ನೇರಳೆ ಮಾಯ. ಎಲೆ ಚಾಚಾರ ಬದುವಿನದು. ಹಾಸಿಗೆ ಹಿಡಿದಿದ್ದ ಹೆಂಡತಿ, ನಮ್ಮ ಚಾಚಿಗೂ, ಅವರು ಅದರದೇ ಕಷಾಯ ಕುಡಿಸುತ್ತಿದ್ದರು. "ಇದರಾಗ ಏನರ ಐತೇನ್ರಿ?" ಎಂದು ದಿನಾ ಕೇಳುವರು. ನಳಿಗೆಯಲ್ಲಿ ಬಣ್ಣ ತಿರುಗಿದರೆ ರೋಗ ವಾಸಿಯಾದಂತಲ್ಲ ಎಂದರೆ ತಲೆಯಾಡಿಸಿ, ಮರುದಿನ ಮತ್ತೆ ಅದನ್ನೇ ಕೇಳುವರು.

ಒಂದು ದಿನ ನೇರಳೆ ಕಣ್ಣು ಮಿಟುಕಿಸುವುದರೊಳಗೆ ಹಳದಿಯಾಯಿತು. ಮೂರು ಸಲ ಮಾಡಿದರೂ ಹಾಗೆಯೇ. ಹಿಗ್ಗಿ ಹೀರೇಕಾಯಿಯಾಗಿ ಚಾಚಾರಿಗೆ ತೋರಿಸಿದೆ. ಅವರು ನಳಿಗೆಯನ್ನೂ ಸಾರದ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ, ಬಸ್ಸಿಗೆ ಹೋದರು.

ಎಂಟನೆಯ ದಿನ ಫಲಿತಾಂಶವನ್ನು ಗೈಡ್‌ಗೆ ಕಳಿಸಲು ಕೂತಿದ್ದೆ. ಚಾಚಾ ಮೇಜಿನ ಬಳಿ ಬಂದು ನಿಂತರು.

"ನೀವು ಸಾರ ತುಂಬಿದ್ರೆಲ್ಲಾ, ಆ ಬಾಟ್ಲಿ ನಾ ತೊಳದಿದ್ದಿಲ್ರಿ. ಅದರಾಗ ವಿಟಮಿನ್ ಸಿ ಇತ್ತು. ಅದನ್ನ ಚೆಲ್ಲಿದ್ದೆ ಅಷ್ಟ, ಮನಿಯಿಂದ ಫೋನ್ ಬಂತು, ಆಕಿ ಬಿದ್ದಾಳಂತ. ತೊಳದ ಬಾಟ್ಲಿ ಜೋಡಿ ಅದನ್ನೂ ಇಟ್ಟು ಓಡಿದೆ."

"ಎಂಟು ದಿನ ಯಾಕ ಸುಮ್ಮನಿದ್ರಿ ಚಾಚಾ?"

"ಗಿಡದಾಗ ಭಾಳ ಶಕ್ತಿ ಐತಂತ, ನೀವು ಬಣ್ಣ ತೋರಿಸಿದ ದಿನಾನ ಆಕಿಗೆ ಹೇಳಿಬಿಟ್ಟೆರಿ. ಎದ್ದು ಕುಂತು ಅರ್ಧ ರೊಟ್ಟಿ ಉಂಡ್ಲು. ಅದು ಸುಳ್ಳಂತ ಹೆಂಗ ಹೊಳ್ಳಿ ಹೇಳ್ಲಿ?"

ಅವರು ಬಾಯಿ ಮುಚ್ಚಿಕೊಂಡೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಕಂಡದ್ದು ಮಾತ್ರ ಅವರು ಮುಚ್ಚಿಟ್ಟ ಆ ಎಂಟು ದಿನ. ಎಲ್ಲ ಮೊದಲಿನಿಂದ ಮಾಡಿದೆ. ಈ ಸಲ ನೇರಳೆ ತುಸು ಮಾಸಿತು, ಅಷ್ಟೇ. ಎರಡು ತಿಂಗಳು ಅವರೊಂದಿಗೆ ಮಾತಾಡಲಿಲ್ಲ. ಅವರು ಮೂರು ಸಲದ ಬದಲು ಐದು ಸಲ ತೊಳೆಯತೊಡಗಿದರು. ಆ ಸಿಟ್ಟಿನಲ್ಲೇ ಪ್ರಬಂಧದ ಕೃತಜ್ಞತೆಯ ಪುಟ ಬರೆದೆ. ಟೈಪ್ ಮಾಡಿದವನನ್ನೂ ನೆನೆದೆ, ಚಾಚಾರನ್ನು ಬಿಟ್ಟೆ. ಸಣ್ಣತನ, ಬೇರೇನಲ್ಲ.

ಆಮೇಲೆ ಚಾಚಿ ತೀರಿಕೊಂಡರು. ಚಾಚಾ ನಿವೃತ್ತರಾದರು. ಆದರೂ ಬಸ್ಸು ಹತ್ತಿ ಬಂದು ಗಾಜು ತೊಳೆಯುತ್ತಿದ್ದರು. "ಮನ್ಯಾಗ ಯಾರೂ ಮಾತಾಡಂಗಿಲ್ರಿ. ಇಲ್ಲಿ ಗಾಜಾದ್ರೂ ಸಪ್ಪಳ ಮಾಡ್ತಾವ," ಎಂದರು ಒಮ್ಮೆ.

ಒಂದು ದಿನ ಪ್ರಬಂಧವನ್ನು ಕೈಗೆತ್ತಿಕೊಂಡರು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ.

"ಇದರಾಗ ನಂದೂ ಹೆಸರ ಐತೇನ್ರಿ?"

"ಐತ್ರಿ ಚಾಚಾ."

"ಎಲ್ಲೈತಿ, ತೋರಸ್ರಿ."

ಅವರ ಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟೆ. ಅಲ್ಲಿದ್ದದ್ದು ಟೈಪ್ ಮಾಡಿದವನ ಹೆಸರು. ಚಾಚಾ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. "ಆಕಿ ಇದ್ದಿದ್ರ ಹೇಳ್ತಿದ್ದೆ," ಎಂದರು.

ಅದಾದ ಮೇಲೂ ಎರಡು ವರ್ಷ ಬಂದರು. ಪ್ಯಾಂಟಿನ ಬೀಜ ಕಣ್ಣಿಗೆ ಕಾಣದೆ ತಡವಿ ತಡವಿ ಕೀಳುತ್ತಿದ್ದರು. ಕಳೆದ ಚಳಿಗಾಲದಲ್ಲಿ ಅವರೂ ಹೋದರು.

ಅವರು ಎಂಟನೆಯ ದಿನಕ್ಕೆ ಬಂದು ನಿಜ ಹೇಳಿದ್ದರು. ನನಗೆ ಎರಡು ವರ್ಷ ಸಿಕ್ಕಿತ್ತು, ಹೇಳಲಿಲ್ಲ.