ನನ್ನ ಎಸ್‌ಐಎಲ್, ಗೌರಿಯ ಎಸ್‌ಐಎಲ್

ಬೆಳಿಗ್ಗೆ ನಾಯಂಡಹಳ್ಳಿಯ ನಮ್ಮ ವರ್ಕ್‌ಶಾಪಿಗೆ ಹೊಸ ಪ್ರೆಸ್ ಮೆಷಿನ್ ಬಂದಿಳಿಯಿತು. ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಪಕ್ಕದಲ್ಲಿ ಅಂಟಿಸಿದ್ದ ಹಳದಿ ಸ್ಟಿಕ್ಕರಿನಲ್ಲಿ ಎಸ್‌ಐಎಲ್ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡು ಒಬ್ಬನೇ ನಕ್ಕೆ. ಯಾಕೆಂದು ಹೇಳುತ್ತೇನೆ, ನೀವೂ ನಕ್ಕುಬಿಡಿ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಗಡು ಒತ್ತಿ ಒತ್ತಿಯೇ ಗೋವಿಂದರಾಜನಗರದಲ್ಲಿ ಸ್ವಂತ ಮನೆ ಕಟ್ಟಿದೆ. ಹಿಂದೊಮ್ಮೆ ಸೆನ್ಸರ್ ಕೂರಿಸಲು ಬಂದ ಇಂಜಿನಿಯರ್ ಹೇಳಿದ್ದ: “ಯಜಮಾನ್ರೇ, ಕೈ ಒಳಗೆ ಹೋದ್ರೆ ಮೆಷಿನ್ ತಾನಾಗೇ ನಿಲ್ಬೇಕು. ಅದನ್ನ ಎಷ್ಟು ನಂಬಬಹುದು ಅನ್ನೋ ಸೇಫ್ಟಿ ಮಟ್ಟಕ್ಕೆ ಎಸ್‌ಐಎಲ್ ಅಂತಾರೆ. ಹೈ ಇದ್ದಷ್ಟೂ ಒಳ್ಳೇದು.” ಅಂದಿನಿಂದ ಟೀ ಕುಡಿಯಲು ಬಂದವರಿಗೆಲ್ಲ ನಾನೇ ಪಾಠ ಮಾಡುತ್ತಿದ್ದೆ.

ಹೋದ ವರ್ಷ ನನ್ನ ಹೆಂಡತಿ ಗೌರಿ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಂಡಳು. ಅವಳ ಅಕ್ಕ ಅಲ್ಲಿನ ಕ್ಯಾನ್ಸರ್‌ನಿಂದಲೇ ತೀರಿಕೊಂಡಿದ್ದರು. ರಿಪೋರ್ಟು ಫೋನಿಗೆ ಬಂದ ದಿನ ಡಾಕ್ಟರು ಊರಲ್ಲಿರಲಿಲ್ಲ. ನಾನೇ ಅಕ್ಷರ ಕೂಡಿಸಿ ಓದಿದೆ: ಲೋ ಗ್ರೇಡ್ ಎಸ್‌ಐಎಲ್.

“ಹಂಗಂದ್ರೇನ್ರೀ?”

“ಎಸ್‌ಐಎಲ್ ತಾನೇ? ದಿನಾ ನೋಡ್ತೀನಿ ಕಣೇ. ನಿನ್ನ ಸೇಫ್ಟಿ ಲೋ ಇದೆ. ಮೇಲಕ್ಕೆ ತರ್ಬೇಕು.”

“ನಾನೇನು ನಿಮ್ಮ ಪ್ರೆಸ್ ಮೆಷಿನ್ನಾ?” ಎಂದಳು. ಬಾಯಿ ತಮಾಷೆ ಮಾಡಿತು. ಕಣ್ಣೆದುರೇ ಉಕ್ಕುತ್ತಿದ್ದ ಹಾಲು ಅವಳಿಗೆ ಕಾಣಲಿಲ್ಲ.

ಡಾಕ್ಟರು ಬರುವವರೆಗೆ ನಾನು ಬೀಟ್‌ರೂಟು, ದಾಳಿಂಬೆ, ನಾಟಿಕೋಳಿ ಮೊಟ್ಟೆ ತಂದು ಸುರಿದೆ. ಕೆಂಪಗಿರುವುದೆಲ್ಲ ಶಕ್ತಿ ಕೊಡುತ್ತದೆ ಎಂದು ನಮಗೆ ಯಾರು ಹೇಳಿಕೊಟ್ಟರೋ! ಗೌರಿ ತಂದಿದ್ದನ್ನೆಲ್ಲ ತಿಂದಳು. ಹಾಗೆ ಸುಮ್ಮನೆ ತಿನ್ನುವವಳಲ್ಲ ಅವಳು. ಅದಕ್ಕೇ ನನಗೆ ದಿಗಿಲಾಗಿದ್ದು.

ಡಾಕ್ಟರಮ್ಮನ ಮುಂದೆ ಕೂರುತ್ತಲೇ ನಾನು ಶುರುಮಾಡಿದೆ: “ಮೇಡಂ, ಎಷ್ಟಾದ್ರೂ ಆಗ್ಲಿ, ಇವಳ ಎಸ್‌ಐಎಲ್‌ನ ಹೈ ಮಾಡ್ಕೊಡಿ.”

ಆಕೆ ಪೆನ್ನು ಕೆಳಗಿಟ್ಟರು. “ಹೈ ಮಾಡೋದಾ? ಅದು ಹೈ ಆಗ್ಬಾರ್ದು ಅಂತ ತಾನೇ ನಾವು ಪರೀಕ್ಷೆ ಮಾಡೋದು!”

ನಾನು ಇಂಜಿನಿಯರ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಆಕೆ ನಕ್ಕು, ಗೌರಿಯ ಕಡೆ ತಿರುಗಿ ನಿಧಾನವಾಗಿ ಹೇಳಿದರು: “ಅಕ್ಷರ ಒಂದೇ ಅಮ್ಮಾ, ಅರ್ಥ ಬೇರೆ. ಇಲ್ಲಿ ಎಸ್‌ಐಎಲ್ ಅಂದ್ರೆ ಗರ್ಭಕೋಶದ ಬಾಯಿಯ ಮೇಲಿರೋ ಚರ್ಮದಂಥ ಪದರದಲ್ಲಿ ಜೀವಕೋಶ ಬದಲಾಗಿದೆ ಅಂತ. ಲೋ ಅಂದ್ರೆ ಸ್ವಲ್ಪವೇ. ಕ್ಯಾನ್ಸರ್ ಅಲ್ಲ. ಎಷ್ಟೋ ಜನಕ್ಕೆ ತಾನಾಗೇ ಸರಿಹೋಗತ್ತೆ. ಆದ್ರೆ ಮರೀದೆ ಒಂದು ವರ್ಷ ಬಿಟ್ಟು ಬಂದು ತೋರಿಸ್ಬೇಕು.”

ಗೌರಿ ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. “ಮೇಡಂ, ಇವರು ನನಗೆ ಆಯಿಲ್ ಬಿಡೋದೊಂದು ಬಾಕಿ ಇತ್ತು!”

ಈ ವರ್ಷದ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಬಂತು. ಅಲ್ಲಿಗೆ ಗೌರಿ ಸುಮ್ಮನಾಗಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್ ಮಾಡುವ, ರಾಯಚೂರು ಕಡೆಯ ಇಬ್ಬರು ಹೆಂಗಸರನ್ನೂ ಈ ಶನಿವಾರ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೊರಟಿದ್ದಾಳೆ.

ಇವತ್ತು ಮಧ್ಯಾಹ್ನ ಅವರಲ್ಲೊಬ್ಬಳು, ಯಲ್ಲಮ್ಮ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಣ್ಣಾರ, ಆ ಪರೀಕ್ಷೆ ಮಾಡಿದ್ರ ನೋವಾಗ್ತೈತೇನ್ರಿ?”

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

“ನಂಗೊತ್ತಿಲ್ಲಮ್ಮ,” ಎಂದೆ. ಫೋನು ತೆಗೆದು ಗೌರಿಗೆ ಕರೆ ಮಾಡಿ ಯಲ್ಲಮ್ಮನ ಕೈಗೆ ಕೊಟ್ಟೆ. “ಅವಳನ್ನ ಕೇಳು.”