ಒರೆಯೊಳಗಿನ ಮರದ ಬಣ್ಣ ಮತ್ತು ಅಪೊಲೋನಿಯಾ ಮೇಡಂ

ಚರ್ಮದ ಒರೆಯಲ್ಲಿ ಇಟ್ಟ ಚೂರಿಯ ಮರದ ಹಿಡಿ ಏಕೆ ಬಣ್ಣ ಬದಲಿಸುತ್ತದೆ ಎಂದು ಇಂದು ಕರಾವಳಿಯಲ್ಲಿ ಯಾರಿಗಾದರೂ ತಿಳಿಯಬೇಕಾದರೆ, ಅವರು ಫೋನ್ ಮಾಡುವುದು ಶ್ರೀಮತಿ ಅಪೊಲೋನಿಯಾ ಕ್ವಾಡ್ರಸ್ ಅವರಿಗೆ. ಮಣಿಪಾಲದ ನಮ್ಮ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ಹಳೆಯ ವಸ್ತುಗಳ ಸಂರಕ್ಷಣೆಯ ಹೊಣೆ ಹೊತ್ತು, ಈಗ ನಿವೃತ್ತರಾಗುತ್ತಿರುವ ಅವರು ಆ ಜ್ಞಾನವನ್ನು ಪಡೆದದ್ದು ತಮ್ಮದೇ ಒಂದು ತಪ್ಪಿನಿಂದ. ಅಭಿನಂದನ ಗ್ರಂಥದಲ್ಲಿ ತಪ್ಪಿನ ಮಾತೇಕೆ ಎಂದು ನಾನು ಹಿಂಜರಿದಾಗ ಅವರೇ ಹೇಳಿದರು: "ಬರೆಯುವುದಾದರೆ ಅದನ್ನೇ ಬರೆ ವಿಜೇತಾ. ಉಳಿದದ್ದೆಲ್ಲ ಎಲ್ಲರೂ ಬರೆಯುತ್ತಾರೆ."

ನಾನು ಕಾರ್ಕಳದಿಂದ ಬಂದು ತಾತ್ಕಾಲಿಕ ಸಹಾಯಕಿಯಾಗಿ ಸೇರಿದ್ದು ಎರಡು ಸಾವಿರದ ಹದಿನಾರರಲ್ಲಿ. ಮೇಡಂ ಕಟ್ಟುನಿಟ್ಟಿನವರು. ನನ್ನ ಮೊದಲ ವರದಿಯನ್ನು ಏಳು ಬಾರಿ ಬರೆಸಿದರು. ಆದರೆ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾನು ವಾರವಿಡೀ ರಜೆ ಹಾಕಿ ಮರಳಿದಾಗ, ನಾನು ಬರೆಯಬೇಕಾಗಿದ್ದ ಇನ್ನೂರು ವಸ್ತುವಿವರದ ಚೀಟಿಗಳು ಅವರ ಅಕ್ಷರದಲ್ಲಿ, ನನ್ನ ಹೆಸರಿನಲ್ಲಿ ಸಿದ್ಧವಾಗಿದ್ದವು.

ಮರುವರ್ಷ ಹೆಜಮಾಡಿಯ ಮೀನು ಮಾರುವ ನಳಿನಾಕ್ಷಿಯಕ್ಕ ತಮ್ಮ ದಿವಂಗತ ಪತಿಯ ಚೂರಿಯನ್ನು ಸಂಗ್ರಹಾಲಯಕ್ಕೆ ಕೊಟ್ಟರು. ದೋಣಿಯಲ್ಲಿ ಹಗ್ಗ, ಬಲೆ ಕೊಯ್ಯಲು ಇಟ್ಟುಕೊಂಡಿದ್ದ ಚೂರಿ ಅದು. ಮನೆಯ ಬಾಗಿಲಿಗೆ ತಂದು ಉಳಿದಿದ್ದ ಹಲಸಿನ ಹಲಗೆಯಿಂದ ಆ ಪತಿಯೇ ಕೆತ್ತಿದ ಹಿಡಿ, ಅರಸಿನದಂತೆ ಹಳದಿಯಾಗಿತ್ತು. ಮೇಡಂ ಅದಕ್ಕೆ ಹಿಡಿಯ ಬಹುಭಾಗವನ್ನೂ ಮುಚ್ಚುವಂಥ ಚರ್ಮದ ಒರೆ ಹೊಲಿಸಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಚರ್ಮಕ್ಕೆ ಧಾರಾಳವಾಗಿ ಎಣ್ಣೆ ಉಣಿಸಿ, ಕಪಾಟಿನಲ್ಲಿ ಇಡಿಸಿದರು.

ಎರಡು ಮಳೆಗಾಲ ಕಳೆದು, ಮೀನುಗಾರಿಕೆಯ ಪ್ರದರ್ಶನಕ್ಕೆಂದು ಅದನ್ನು ಹೊರತೆಗೆದ ದಿನ ನಳಿನಾಕ್ಷಿಯಕ್ಕನೂ ಬಂದಿದ್ದರು. ಹಿಡಿ ಕಪ್ಪಾಗಿತ್ತು.

"ಇದು ನಮ್ಮ ಬೀಸತ್ತಿ ಅಲ್ಲ," ಎಂದರು ಅವರು, ಚೂರಿಯನ್ನು ತಿರುಗಿಸಿ ನೋಡಿ. "ಅವರು ಮಾಡಿದ ಹಿಡಿ ಹಳದಿ ಉಂಟು. ಎಂತ ಮಾಡಿದ್ರಿ ನೀವು? ಯಾರಿಗೆ ಕೊಟ್ರಿ?"

ಕಪಾಟಿನ ಕೀಲಿ ನನ್ನ ಬಳಿ ಇತ್ತು. ಸೋಮವಾರ ಕಚೇರಿಯಿಂದ ನನಗೆ ನೋಟಿಸು ಬಂತು. ವಸ್ತು ಬದಲಾಯಿಸಿದ ಆರೋಪ ಹೊತ್ತವಳನ್ನು ಇನ್ನಾವ ಸಂಗ್ರಹಾಲಯ ಒಳಗೆ ಸೇರಿಸೀತು? ಮಂಗಳವಾರ ಮೇಡಂ ಏನೂ ಮಾತನಾಡಲಿಲ್ಲ. ಬುಧವಾರ ಬೆಳಿಗ್ಗೆ ಎಲ್ಲರೆದುರು ಚೂರಿಯನ್ನು ಒರೆಗೆ ಹಾಕಿ ತೋರಿಸಿದರು. ಕಪ್ಪು, ಒರೆಯ ಬಾಯಿ ಎಲ್ಲಿಗೆ ಬರುತ್ತಿತ್ತೋ ಅಲ್ಲಿಗೇ ನಿಂತಿತ್ತು; ಹೊರಗುಳಿದ ಬೆರಳಗಲದ ತುದಿ ಇನ್ನೂ ಹೊಂಬಣ್ಣವಾಗಿಯೇ ಇತ್ತು. "ಈ ಹುಡುಗಿಯದು ಏನೂ ತಪ್ಪಿಲ್ಲ. ಒರೆ ಹೊಲಿಸಿದ್ದು ನಾನು, ಎಣ್ಣೆ ಹಾಕಿಸಿದ್ದು ನಾನು," ಎಂದು ಹೇಳಿ, ಅದನ್ನೇ ಬರೆದು ಸಹಿ ಮಾಡಿದರು. ಆ ವರ್ಷ ಬರಬೇಕಾಗಿದ್ದ ಮುಖ್ಯಸ್ಥರ ಸ್ಥಾನ ಅವರಿಗೆ ಬರಲಿಲ್ಲ. "ಒಂದು ದಿನ ನಾನು ಹೆದರಿ ಸುಮ್ಮನಿದ್ದೆ. ಆ ಒಂದು ದಿನದ ಋಣ ನನ್ನ ಮೇಲಿದೆ," ಎಂದು ಮುಂದೊಮ್ಮೆ ನನ್ನ ಕ್ಷಮೆ ಕೇಳಿದರು.

ನಳಿನಾಕ್ಷಿಯಕ್ಕ ಮಾತ್ರ ನಂಬಲಿಲ್ಲ. "ನೀವು ಓದಿದವರು, ಹೇಗೂ ಹೇಳಬಹುದು," ಎಂದುಬಿಟ್ಟರು. ಮೇಡಂ ಮರುದಿನ ಬಸ್ಸು ಹತ್ತಿ ಹೆಜಮಾಡಿಗೆ ಹೋಗಿ, ಅದೇ ಹಲಸಿನ ಹಲಗೆಯ ಉಳಿದ ತುಂಡನ್ನು ಕೇಳಿ ತಂದು, ನಾಲ್ಕು ಹಿಡಿಗಳನ್ನು ಮಾಡಿಸಿದರು. ಆ ಚೂರಿಯ ಹಿಡಿಗಿದ್ದಂತೆಯೇ ನಾಲ್ಕಕ್ಕೂ ಕಬ್ಬಿಣದ ಮೊಳೆ ಹೊಡೆಸಿದರು. ಒಂದನ್ನು ಎಣ್ಣೆ ಉಣಿಸಿದ ಚರ್ಮದಲ್ಲಿ, ಒಂದನ್ನು ಒಣಚರ್ಮದಲ್ಲಿ, ಒಂದನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಒಂದು ಪೂರ್ತಿ ಮಳೆಗಾಲ ಅದೇ ಕಪಾಟಿನಲ್ಲಿಟ್ಟರು.

ಅಕ್ಟೋಬರಿನಲ್ಲಿ ನಾಲ್ಕನ್ನೂ ನಳಿನಾಕ್ಷಿಯಕ್ಕನ ಮುಂದೆ ಇಟ್ಟೆವು. ಬಟ್ಟೆಯಲ್ಲಿದ್ದದ್ದು, ಹಾಗೇ ಬಿಟ್ಟದ್ದು ಹೆಚ್ಚೇನೂ ಬದಲಾಗಿರಲಿಲ್ಲ. ಒಣಚರ್ಮದಲ್ಲಿದ್ದದ್ದಕ್ಕೆ ಮೊಳೆಗಳ ಸುತ್ತ ಮಾತ್ರ ಕಪ್ಪು ಕಲೆ. ಎಣ್ಣೆಚರ್ಮದಲ್ಲಿದ್ದದ್ದು ಮಾತ್ರ ಪೂರ್ತಿ ಕಪ್ಪಾಗಿತ್ತು. ಮರದ ತೊಗಟೆಯಿಂದ ಹದ ಮಾಡಿದ ಚರ್ಮದ ಒಗರು ತೇವದಲ್ಲಿ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ, ಎಣ್ಣೆ ಅದರ ಬಣ್ಣವನ್ನೂ ಕೊಳೆಯನ್ನೂ ಮರದೊಳಕ್ಕೆ ಒಯ್ಯುತ್ತದೆ ಎಂದು ಮೇಡಂ ವಿವರಿಸುತ್ತಿದ್ದರು. ನಳಿನಾಕ್ಷಿಯಕ್ಕ ಕೇಳಿಸಿಕೊಂಡರೋ ಇಲ್ಲವೋ, ಗಂಡನ ಚೂರಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಹಿಡಿಯನ್ನು ಸವರುತ್ತ ಕುಳಿತರು.

"ಹಾಗಾದ್ರೆ ಇದು ಅವರದ್ದೇ ಅಲ್ವಾ?"

"ಅವರದ್ದೇ ಅಕ್ಕ," ಎಂದರು ಮೇಡಂ. "ಮೇಲಿನ ಪದರ ಉಜ್ಜಿದರೆ ಹಳದಿ ಬರಬಹುದು. ಉಜ್ಜಿ ಕೊಡಲಾ?"

"ಬೇಡ ಮಾರಾಯ್ತಿ. ಬಣ್ಣ ಹೋದ್ರೆ ಹೋಯ್ತು. ಅವರು ಹಿಡಿದ ಮರ ಉಂಟಲ್ಲ, ಅದು ಹೋಗುವುದು ಬೇಡ."

ಅಂದಿನಿಂದ ನಮ್ಮಲ್ಲಿ ಯಾವ ಚೂರಿಯನ್ನೂ ಒರೆಯೊಳಗೆ ಇಡುವುದಿಲ್ಲ. ಒರೆ ಬೇರೆ, ಚೂರಿ ಬೇರೆ. ಕಾಪುವಿನಿಂದ ಉದ್ಯಾವರದವರೆಗೆ ಹಳೆಯ ಕತ್ತಿ ಇಟ್ಟುಕೊಂಡಿರುವ ಮನೆಗಳಿಗೆ ಇನ್ನು ಮುಂದೆ ತಾವೇ ಹೋಗಿ ಇದನ್ನು ತಿಳಿಸಿ ಬರುವುದಾಗಿ ಮೇಡಂ ಹೇಳಿದ್ದಾರೆ. ಆ ಓಡಾಟಕ್ಕೆ ಬೇಕಾದ ಆರೋಗ್ಯವೂ ಆಯುಷ್ಯವೂ ಅವರಿಗೆ ತುಂಬಿ ದೊರೆಯಲಿ. ಚೀಲ ಹಿಡಿದು ಅವರ ಹಿಂದೆ ನಡೆಯುವ ಭಾಗ್ಯ ನನ್ನದಾಗಲಿ.